ವ್ಯಾಯಾಮ ಮಾಡಿದ ಮೇಲಿನ ಹಸಿವು ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಬೆಳಗಿನ ಹೊತ್ತು ನನ್ನ ಜೊತೆ ವ್ಯಾಯಾಮಕ್ಕೆ ಬರುವವರು ಬಸ್ಕಿ ಹೇಗೆ ಹೊಡೆಯಬೇಕು ಅಂತ ಕೇಳುವುದು ಕಡಿಮೆ. ಊಟದ ಬಗ್ಗೆ ಕೇಳುವುದೇ ಜಾಸ್ತಿ. ಕೊಪ್ಪಳ, ಗಂಗಾವತಿ, ರಾಯಚೂರಿನ ಪರಿಚಯದವರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಹೇಳಿರುವುದು ಆರೋಗ್ಯವಾಗಿರುವ ದೊಡ್ಡವರಿಗೆ. ಕಿಡ್ನಿ, ಹೃದಯದ ತೊಂದರೆ ಇರುವವರು, ಬಸುರಿಯರು, ಬಾಣಂತಿಯರು ತಮ್ಮ ಡಾಕ್ಟರ ಮಾತನ್ನೇ ಮುಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ವ್ಯಾಯಾಮ ಶುರು ಮಾಡಿದ ಮೇಲೆ ಹಸಿವು ಜಾಸ್ತಿ ಆಗಿದೆ. ಇದು ಸರಿನಾ?

ಸರಿಯೇ. ದುಡಿದ ಮೈ ಊಟ ಕೇಳುತ್ತದೆ. ಗದ್ದೆಯಲ್ಲಿ ನಾಟಿ ಮಾಡಿ ಬಂದವರು, ಹತ್ತಿ ಬಿಡಿಸಿ ಬಂದವರು ಎಷ್ಟು ರೊಟ್ಟಿ ಉಣ್ಣುತ್ತಾರೆ ಅಂತ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ.

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ ಅನ್ನುವುದೂ ನಿಜ. ಕೆಲವರಿಗೆ ಮೊದಲ ವಾರದಿಂದಲೇ ಹಸಿವು ಹೆಚ್ಚುತ್ತದೆ, ಕೆಲವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಾಯಿತು ಅಂತ ಹೆದರಬೇಡಿ. ಹಸಿವನ್ನು ಹೊಡೆದು ಮಲಗಿಸುವುದು ನಮ್ಮ ಕೆಲಸ ಅಲ್ಲವೇ ಅಲ್ಲ. ಅದಕ್ಕೆ ಏನು ಕೊಡಬೇಕು ಅಂತ ಮನೆ ಬಿಡುವ ಮುಂಚೆಯೇ ತೀರ್ಮಾನ ಮಾಡಿರಬೇಕು, ಅಷ್ಟೇ. ಹಸಿದು ನಿಂತಾಗ ಯೋಚನೆ ಮಾಡಿದರೆ ಕಣ್ಣಿಗೆ ಬಿದ್ದದ್ದೇ ಬಾಯಿಗೆ ಹೋಗುತ್ತದೆ.

ಓಡಿ ಬಂದ ತಕ್ಷಣ ಏನೂ ಬೇಡ ಅನ್ಸುತ್ತೆ. ಆದರೆ ಹನ್ನೊಂದು ಗಂಟೆಗೆ ತಡೆಯೋಕೇ ಆಗಲ್ಲ. ಯಾಕೆ?

ಜೋರಾಗಿ ಓಡಿದಾಗ, ಬೆವರು ಇಳಿಯುವಂತೆ ದುಡಿದಾಗ ರಕ್ತ ಹೆಚ್ಚಾಗಿ ಕೈಕಾಲಿನ ಸ್ನಾಯುಗಳಿಗೆ, ಚರ್ಮಕ್ಕೆ ಹೋಗುತ್ತದೆ. ಹೊಟ್ಟೆ, ಕರುಳಿನ ಕಡೆ ಹರಿವು ಕಡಿಮೆಯಾಗುತ್ತದೆ. ಹಾರ್ಮೋನುಗಳಲ್ಲೂ ಬದಲಾವಣೆ ಆಗುತ್ತದೆ. ಹೊಟ್ಟೆಯಿಂದ ಹೊರಟು ಮೆದುಳಿಗೆ ‘ಹಸಿದಿದೆ’ ಅಂತ ಹೇಳುವ ಘ್ರೆಲಿನ್ ಅನ್ನುವ ಹಾರ್ಮೋನ್ ಇದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದನ್ನು ಕಂಡುಹಿಡಿದರು. ಜೋರು ವ್ಯಾಯಾಮದಲ್ಲಿ ಇದು ಸ್ವಲ್ಪ ಹೊತ್ತು ಇಳಿಯುತ್ತದೆ. ಹೊಟ್ಟೆ ತುಂಬಿದೆ ಅಂತ ಹೇಳುವ ಹಾರ್ಮೋನುಗಳು ಅದೇ ಹೊತ್ತಿಗೆ ಏರುತ್ತವೆ. ಮೈ ಬಿಸಿಯಾಗಿದ್ದಾಗಲೂ ಊಟ ಬೇಡ ಅನಿಸುತ್ತದೆ. ಅದಕ್ಕೇ ಓಟ ಮುಗಿಸಿದ ಕೂಡಲೇ ತಟ್ಟೆ ನೋಡಿದರೆ ಬೇಸರ.

ಇದು ಬಹಳ ಹೊತ್ತು ಇರುವುದಿಲ್ಲ. ಸುಮಾರು ಒಂದು ಗಂಟೆ ಕಳೆದರೆ ಹಸಿವು ವಾಪಸ್ ಬರುತ್ತದೆ. ನೀವು ಆಗ ತಿಂಡಿ ಬಿಟ್ಟು ಆಫೀಸಿಗೋ ಅಂಗಡಿಗೋ ಹೋಗಿರುತ್ತೀರಿ. ಹನ್ನೊಂದಕ್ಕೆ ಪಕ್ಕದಲ್ಲಿ ಚಹಾ, ಬಿಸ್ಕತ್ತು, ಖಾರ ಬಿಟ್ಟರೆ ಬೇರೆ ಏನೂ ಇರಲ್ಲ ಅಲ್ವಾ? ಹಾಗಾಗಿ ಹಸಿವಿಲ್ಲ ಅಂತ ತಿಂಡಿ ಬಿಡಬೇಡಿ. ಸ್ನಾನ ಮುಗಿಸಿ, ಮೈ ತಣ್ಣಗಾದ ಮೇಲೆ, ಸ್ವಲ್ಪವಾದರೂ ಕೂತು ತಿನ್ನಿ. ಆಗಲೂ ಗಂಟಲಲ್ಲಿ ಇಳಿಯದಿದ್ದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸಾಕು. ಉಳಿದದ್ದು ಡಬ್ಬಿಯಲ್ಲಿ ಹೋಗಲಿ.

ವಾಕಿಂಗ್ ಮುಗಿಸಿ ಬರುವಾಗ ಒಗ್ಗರಣೆ–ಮಿರ್ಚಿ ತಿನ್ನುವುದು ನಮ್ಮ ಗೆಳೆಯರ ರೂಢಿ. ಬಿಡಲೇಬೇಕಾ?

ಈ ಪ್ರಶ್ನೆ ಕೇಳದ ವಾರವೇ ಇಲ್ಲ. ನಮ್ಮ ಮೂರೂ ಜಿಲ್ಲೆಗಳಲ್ಲಿ ಬೆಳಗಾಯಿತು ಅಂದರೆ ಒಗ್ಗರಣೆ–ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಅದನ್ನು ಕೆಟ್ಟ ತಿಂಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ.

65 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಹೆಚ್ಚುಕಡಿಮೆ 250ರಿಂದ 300 ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ 65ರಷ್ಟು ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ಇನ್ನು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲರಿ. ಬಂಡಿಯ ಹತ್ತಿರ ನಿಂತು ಒಮ್ಮೆ ಗಮನಿಸಿ. ಬಾಣಲೆಗೆ ಎಷ್ಟು ಎಣ್ಣೆ ಸುರಿದು ಒಗ್ಗರಣೆ ಹಾಕುತ್ತಾರೆ, ನೆನೆಸಿದ ಮಂಡಕ್ಕಿ ಅದನ್ನು ಹೇಗೆ ಹೀರುತ್ತದೆ, ಮಿರ್ಚಿ ಇಟ್ಟ ಪೇಪರು ಎಷ್ಟು ಬೇಗ ಎಣ್ಣೆಯಾಗಿ ಆ ಕಡೆಯ ಅಕ್ಷರ ಈ ಕಡೆ ಕಾಣುತ್ತದೆ. ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ, ಮೇಲೊಂದು ಸಕ್ಕರೆ ಚಹಾ ಆದರೆ ಗಂಟೆಯ ನಡಿಗೆಯ ಲೆಕ್ಕ ಸುಲಭವಾಗಿ ದಾಟಿಹೋಗುತ್ತದೆ.

ಇನ್ನೊಂದು ತೊಂದರೆ ಇದೆ. ಮಂಡಕ್ಕಿ ನೋಡಲು ಪ್ಲೇಟ್ ತುಂಬ ಇರುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ. ಹಾಗಾಗಿ ಅಷ್ಟು ತಿಂದರೂ ಹನ್ನೊಂದಕ್ಕೆ ಮತ್ತೆ ಹಸಿವು.

ಗೆಳೆಯರ ಜೊತೆ ತಿನ್ನುವ ಖುಷಿ ಕಳೆದುಕೊಳ್ಳಬೇಡಿ. ಆ ಗೆಳೆಯರು ಇರುವುದಕ್ಕೇ ಎಷ್ಟೋ ಜನ ದಿನಾ ಬೆಳಿಗ್ಗೆ ಏಳುತ್ತಾರೆ. ವಾರಕ್ಕೆ ಒಂದು ದಿನ ಅಂತ ಇಟ್ಟುಕೊಳ್ಳಿ, ಭಾನುವಾರ ಇರಲಿ. ಅವತ್ತು ಮಿರ್ಚಿಯನ್ನೂ ತಿನ್ನಿ, ಮನಸ್ಸಿನಲ್ಲಿ ಕೊರಗಬೇಡಿ. ಬಾಕಿ ದಿನ ಒಗ್ಗರಣೆಯನ್ನು ಮನೆಯಲ್ಲೇ ಮಾಡಿ. ಇಬ್ಬರಿಗೆ ಎರಡು ಸಣ್ಣ ಚಮಚ ಎಣ್ಣೆ ಸಾಕು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ ಜಾಸ್ತಿ ಹಾಕಿ. ಇಳಿಸುವ ಮುಂಚೆ ಪುಟಾಣಿ (ಹುರಿಗಡಲೆ) ಹಿಟ್ಟು ಎರಡು ಮುಷ್ಟಿ ಉದುರಿಸಿ. ಮೇಲೆ ಹುರಿದ ಶೇಂಗಾ ಸ್ವಲ್ಪ, ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಅಥವಾ ಬೇಯಿಸಿದ ಮೊಟ್ಟೆ. ಅದೇ ರುಚಿ, ಮಧ್ಯಾಹ್ನದ ತನಕ ತಡೆಯುತ್ತದೆ.

ಹಾಗಾದರೆ ವ್ಯಾಯಾಮ ಆದ ಮೇಲೆ ಏನು ತಿನ್ನಬೇಕು?

ನಮ್ಮ ಮನೆಯಲ್ಲಿ ಇರುವುದನ್ನೇ. ಓಟ್ಸ್, ಬ್ರೆಡ್ಡು, ದುಬಾರಿ ಡಬ್ಬಿ ಯಾವುದೂ ಬೇಕಾಗಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ವ್ಯಾಯಾಮ ಶುರು ಮಾಡಿದವರು ಮೊದಲು ಬಿಡುವುದೇ ಜೋಳದ ರೊಟ್ಟಿಯನ್ನು. ನೋಡಿದರೆ ಬೇಸರ ಆಗುತ್ತದೆ.

ತಟ್ಟೆಯಲ್ಲಿ ಮೂರು ಇರಲಿ. ಶಕ್ತಿಗೆ ಧಾನ್ಯ, ಸ್ನಾಯುಗಳಿಗೆ ಕಾಳು ಅಥವಾ ಹಾಲು–ಮೊಟ್ಟೆ, ಹೊಟ್ಟೆ ತುಂಬಲು ಸೊಪ್ಪು–ತರಕಾರಿ. ಎರಡು ಜೋಳದ ರೊಟ್ಟಿಗೆ ನೂರು ಗ್ರಾಂ ಹಿಟ್ಟು ಹೋಗುತ್ತದೆ ಅಂದುಕೊಳ್ಳಿ. ಅದರಲ್ಲೇ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಒಂದು ಬಟ್ಟಲು ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯದಲ್ಲಿ 7 ಗ್ರಾಂ ಹತ್ತಿರ. ಒಂದು ಸಣ್ಣ ಬಟ್ಟಲು ಮೊಸರಿನಲ್ಲಿ 3 ಗ್ರಾಂ. ಸೇರಿಸಿದರೆ 20 ಗ್ರಾಂ ಆಯಿತು. ವ್ಯಾಯಾಮದ ನಂತರದ ಊಟಕ್ಕೆ 20 ಗ್ರಾಂ ಪ್ರೋಟೀನ್ ಇದ್ದರೆ ಸಾಮಾನ್ಯ ಜನಕ್ಕೆ ಸಾಕು. ಮೇಲೆ ಪುಂಡಿಪಲ್ಯವೋ ಮೆಂತ್ಯ ಸೊಪ್ಪೋ ಇದ್ದರೆ ಇನ್ನೇನು ಬೇಕು?

ಬೆಳಿಗ್ಗೆ ರೊಟ್ಟಿ ಬಡಿಯಲು ಪುರುಸೊತ್ತು ಇಲ್ಲದವರಿಗೆ ಖಡಕ್ ರೊಟ್ಟಿ ಇದೆ. ಬಟ್ಟಲಿಗೆ ಮುರಿದು ಹಾಕಿ, ಮೊಸರು ಸುರಿದು, ಶೇಂಗಾ ಹಿಂಡಿ (ಚಟ್ನಿ ಪುಡಿ) ಒಂದು ಚಮಚ ಹಾಕಿ, ಹತ್ತು ನಿಮಿಷ ಬಿಟ್ಟು ತಿನ್ನಿ. ಪಕ್ಕದಲ್ಲಿ ಸೌತೆಕಾಯಿ ಕಚ್ಚಿಕೊಳ್ಳಿ. ಒಲೆ ಹಚ್ಚುವ ಕೆಲಸವೇ ಇಲ್ಲ.

ಇಡ್ಲಿ, ಉಪ್ಪಿಟ್ಟು, ಪಡ್ಡು ತಿನ್ನುವವರು ಅದನ್ನೇ ತಿನ್ನಿ. ಜೊತೆಗೆ ಒಂದು ಲೋಟ ಹಾಲು ಅಥವಾ ಎರಡು ಮೊಟ್ಟೆ ಸೇರಿಸಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿಲಿ ಹಾಲಿನಲ್ಲಿ 6ರಿಂದ 7 ಗ್ರಾಂ ಪ್ರೋಟೀನ್. ಒಂದು ಹಿಡಿ ಪುಟಾಣಿ, ಅಂದರೆ 30 ಗ್ರಾಂ, 6 ಗ್ರಾಂ ಕೊಡುತ್ತದೆ. ಶೇಂಗಾ ಒಳ್ಳೆಯದೇ, ಆದರೆ ಕೈ ಬಿಗಿ ಇರಲಿ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದ್ದರೂ 560ಕ್ಕೂ ಜಾಸ್ತಿ ಕ್ಯಾಲರಿ ಇದೆ. ಟಿವಿ ಮುಂದೆ ಕೂತು ತಿಂದರೆ ನೂರು ಗ್ರಾಂ ಯಾವಾಗ ಖಾಲಿ ಆಯಿತು ಅಂತಲೇ ಗೊತ್ತಾಗುವುದಿಲ್ಲ.

ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ವ್ಯಾಯಾಮ ವ್ಯರ್ಥ ಅಂತಾರೆ, ನಿಜಾನಾ?

ಇಲ್ಲ. ಒಂದೆರಡು ಗಂಟೆಯೊಳಗೆ ಊಟ ಆದರೆ ಏನೂ ನಷ್ಟ ಇಲ್ಲ. ಇಡೀ ದಿನದಲ್ಲಿ ಎಷ್ಟು, ಏನು ತಿಂದಿರಿ ಅನ್ನುವುದೇ ದೊಡ್ಡದು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಜೋರಾಗಿ ಓಡುವವರು ಮಾತ್ರ ಬೇಗ ತಿನ್ನಬೇಕು. ಅವರಿಗೆ ಮುಂದೆ ಬೇರೆಯಾಗಿ ಹೇಳಿದ್ದೇನೆ.

ಪ್ರೋಟೀನ್ ಪುಡಿ ಬೇಕಾ?

ನಡೆಯುವವರಿಗೆ, ಮನೆಯಲ್ಲಿ ಬಸ್ಕಿ–ದಂಡ ಹೊಡೆಯುವವರಿಗೆ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. 60 ಕಿಲೋ ಇದ್ದರೆ 50 ಗ್ರಾಂ ಆಯಿತು. ಭಾರ ಎತ್ತಿ ಮೈ ಬೆಳೆಸುವವರಿಗೆ 1.2ರಿಂದ 1.6 ಗ್ರಾಂ ತನಕ ಬೇಕಾಗಬಹುದು. ಅದೂ ಹಾಲು, ಮೊಟ್ಟೆ, ಕಾಳು, ಸೋಯಾ, ಕೋಳಿ ಮಾಂಸದಿಂದ ಸಿಗುತ್ತದೆ. ಗರಡಿ ಮನೆಯ ಪೈಲ್ವಾನರು ಹಾಲು, ಬಾದಾಮಿ, ಕಾಳಿನ ಮೇಲೆಯೇ ಮೈ ಬೆಳೆಸಿದವರು. ಊಟದಿಂದ ಅಷ್ಟು ಆಗದೇ ಇದ್ದಾಗ ಪುಡಿ ತೆಗೆದುಕೊಂಡರೆ ತಪ್ಪಿಲ್ಲ. ಊಟ ಬಿಟ್ಟು ಪುಡಿ ಕುಡಿಯುವುದು ಬೇಡ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಬರೀ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಬೇಗ ತೂಕ ಇಳಿಯುತ್ತಾ?

ಆ ಹೊತ್ತಿಗೆ ಮೈ ಸ್ವಲ್ಪ ಹೆಚ್ಚು ಕೊಬ್ಬನ್ನು ಬಳಸುತ್ತದೆ, ನಿಜ. ಆದರೆ ವಾರಗಟ್ಟಲೆ ನೋಡಿದರೆ, ಒಟ್ಟು ಊಟ ಒಂದೇ ಇದ್ದರೆ, ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ನಡೆಯುವುದಕ್ಕೆ ಬರೀ ಹೊಟ್ಟೆ ಆಗುತ್ತದೆ, ನೀರು ಕುಡಿದು ಹೊರಡಿ. ಅಂಜನಾದ್ರಿ ಬೆಟ್ಟ ಹತ್ತುವುದು, ಐದಾರು ಕಿಲೋಮೀಟರ್ ಓಡುವುದು, ಭಾರ ಎತ್ತುವುದು ಇದ್ದರೆ ಮುಂಚೆ ಒಂದು ಬಾಳೆಹಣ್ಣೋ ಎರಡು ಖರ್ಜೂರವೋ ತಿನ್ನಿ. ಬರೀ ಹೊಟ್ಟೆಯಲ್ಲಿ ದಣಿದು ಬಂದವರು ಆಮೇಲೆ ತಿಂಡಿಯ ಮೇಲೆ ಮುಗಿಬೀಳುವುದನ್ನು ನಾನು ಬಹಳ ನೋಡಿದ್ದೇನೆ.

ಬೇಸಿಗೆಯಲ್ಲಿ ವ್ಯಾಯಾಮ ಆದ ಮೇಲೆ ಸಿಹಿ, ತಣ್ಣನೆಯದ್ದೇ ಬೇಕು ಅನ್ಸುತ್ತೆ. ಏನು ಮಾಡಲಿ?

ಏಪ್ರಿಲ್, ಮೇ ಬಂತು ಅಂದರೆ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಏಳಕ್ಕೇ ಗುಡ್ಡದ ಬಂಡೆಗಳಿಂದ ಕಾವು ಹೊಡೆಯುತ್ತದೆ. ಆ ಹೊತ್ತಿನಲ್ಲಿ ಮೈ ಮೊದಲು ಕೇಳುವುದು ನೀರು. ಬಾಯಿ ಒಣಗಿ, ತಲೆ ಭಾರವಾಗಿ, ಕೈಕಾಲು ಸೋತಾಗ ಅದು ಹಸಿವಿನ ಹಾಗೇ ಅನಿಸಬಹುದು. ಹಾಗಾಗಿ ಮೊದಲು ಒಂದೆರಡು ಲೋಟ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಹತ್ತು ಹದಿನೈದು ನಿಮಿಷ ನೆರಳಲ್ಲಿ ಕೂತುಕೊಳ್ಳಿ. ಆಮೇಲೂ ಹೊಟ್ಟೆ ಕೇಳಿದರೆ ಅದು ಹಸಿವೇ, ತಿನ್ನಿ.

ಎಷ್ಟು ನೀರು ಹೋಯಿತು ಅಂತ ತಿಳಿಯಲು ಸುಲಭ ದಾರಿ ಇದೆ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಓಡುವ ಮುಂಚೆ ಒಮ್ಮೆ, ಬಂದು ಬೆವರು ಒರೆಸಿಕೊಂಡು ಇನ್ನೊಮ್ಮೆ ನಿಂತು ನೋಡಿ. ಅರ್ಧ ಕಿಲೋ ಕಡಿಮೆ ಆಗಿದ್ದರೆ ಅರ್ಧ ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಅದು ಕೊಬ್ಬು ಕರಗಿದ್ದಲ್ಲ. ಹೋದದ್ದಕ್ಕಿಂತ ಸ್ವಲ್ಪ ಜಾಸ್ತಿ, ಮುಕ್ಕಾಲು ಲೀಟರಿನಷ್ಟು, ಎರಡು ಮೂರು ಗಂಟೆಯಲ್ಲಿ ನಿಧಾನವಾಗಿ ಕುಡಿಯಿರಿ. ಮೂತ್ರ ತಿಳಿಹಳದಿ ಬಣ್ಣಕ್ಕೆ ಬಂದರೆ ನೀರು ಸಾಕಾಗಿದೆ.

ಓಆರ್‌ಎಸ್ ಪುಡಿ ದಿನಾ ಬೇಡ. ಬಿಸಿಲಲ್ಲಿ ಒಂದು ಗಂಟೆಗಿಂತ ಜಾಸ್ತಿ ಬೆವರಿದ್ದರೆ, ಸ್ನಾಯು ಹಿಡಿದುಕೊಂಡರೆ ಕುಡಿಯಬಹುದು. ಬಿಪಿ ಇರುವವರು ಮಜ್ಜಿಗೆಗೆ ಉಪ್ಪು ಹಾಕುವ ಮುಂಚೆ ಯೋಚಿಸಿ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಬೆವರಲ್ಲಿ ಹೋಗುವಷ್ಟು ಸೋಡಿಯಂ ಇರುವುದಿಲ್ಲ. ಕಬ್ಬಿನ ಹಾಲು, ಬಾಟಲಿಯ ತಂಪು ಪಾನೀಯ ಇವೆಲ್ಲ ಸಕ್ಕರೆ ನೀರು. ಗಟಗಟ ಕುಡಿದರೆ ಬಾಯಾರಿಕೆ ಹೋಗುತ್ತದೆ, ಹಸಿವು ಹಾಗೇ ಉಳಿಯುತ್ತದೆ. ಕಲ್ಲಂಗಡಿ ಹೋಳು, ಜೋಳದ ಅಂಬಲಿ, ನಿಂಬೆ ಷರಬತ್ತಿಗೆ ಅರ್ಧ ಸಕ್ಕರೆ, ಇವು ನನ್ನ ಮೆಚ್ಚಿನವು.

ನನ್ನ ವಾಚು 600 ಕ್ಯಾಲರಿ ಕರಗಿತು ಅಂತ ತೋರಿಸುತ್ತೆ. ಅಷ್ಟು ತಿನ್ನಬಹುದಾ?

ಆ ಅಂಕಿಯನ್ನು ನಂಬಿ ಊಟ ಮಾಡಬೇಡಿ. ಎದೆಬಡಿತವನ್ನು ವಾಚುಗಳು ಸುಮಾರಾಗಿ ಸರಿ ಹೇಳುತ್ತವೆ, ಕ್ಯಾಲರಿ ಲೆಕ್ಕದಲ್ಲಿ ಬಹಳ ತಪ್ಪುತ್ತವೆ. ಓಟಕ್ಕೆ ಸರಳ ಲೆಕ್ಕ ಇದೆ: ಒಂದು ಕಿಲೋಮೀಟರಿಗೆ, ಒಂದು ಕಿಲೋ ತೂಕಕ್ಕೆ, ಒಂದು ಕ್ಯಾಲರಿ. 65 ಕಿಲೋ ಇರುವವರು 5 ಕಿಲೋಮೀಟರ್ ಓಡಿದರೆ 325. ನಡಿಗೆಗೆ ಇನ್ನೂ ಕಡಿಮೆ.

ತಪ್ಪದೆ ವ್ಯಾಯಾಮ ಮಾಡ್ತೀನಿ, ತೂಕ ಇಳಿದಿಲ್ಲ. ಎಲ್ಲಿ ತಪ್ಪುತ್ತಿದೆ?

ನಾನು ನೋಡಿದ ಹಾಗೆ ಮೂರು ಕಡೆ. ಒಂದು, ‘ಇವತ್ತು ಬೆವರು ಸುರಿಸಿದ್ದೀನಿ, ಒಂದು ಜಿಲೇಬಿ ತಿಂದರೆ ಏನಾಯ್ತು’ ಅನ್ನುವ ಮಾತು. ವ್ಯಾಯಾಮಕ್ಕೆ ಊಟವನ್ನು ಬಹುಮಾನ ಮಾಡಿಕೊಂಡರೆ ಕಷ್ಟ. ಎರಡು, ಬೆಳಿಗ್ಗೆ ಒಂದು ಗಂಟೆ ದುಡಿದು ಉಳಿದ ದಿನವೆಲ್ಲ ಕೂತೇ ಇರುವುದು. ಜೀನ್ಸ್ ಹೊಲಿಯುವ ಯಂತ್ರದ ಮುಂದೆ, ಅಂಗಡಿ ಗಲ್ಲಾದಲ್ಲಿ, ಕಂಪ್ಯೂಟರ್ ಮುಂದೆ ಕೂರುವವರು ಗಂಟೆಗೊಮ್ಮೆ ಎದ್ದು ಓಡಾಡಿ. ಮೂರು, ಕೈಯಾಡಿಸುವ ತಿನಿಸು. ಚಹಾ ಜೊತೆ ಖಾರಾಬೂಂದಿ, ಮಕ್ಕಳು ಬಿಟ್ಟ ಅನ್ನ, ರುಚಿ ನೋಡಲು ಹಾಕಿಕೊಂಡ ಶೇಂಗಾ ಹೋಳಿಗೆ. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಡಿ. ನಿಮಗೇ ಗೊತ್ತಾಗುತ್ತದೆ.

ಊಟವನ್ನು ನಿಧಾನ ಮಾಡಿ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಖಡಕ್ ರೊಟ್ಟಿಯನ್ನು ಯಾರೂ ಐದು ನಿಮಿಷದಲ್ಲಿ ಮುಗಿಸಲು ಆಗುವುದಿಲ್ಲ, ಅದರ ದೊಡ್ಡ ಗುಣವೇ ಅದು. ಮತ್ತೆ, ತೂಕ ಇಳಿಯದಿದ್ದರೂ ಬಿಪಿ, ಸಕ್ಕರೆ, ನಿದ್ದೆ, ಮೊಣಕಾಲಿನ ಬಲ ಇವುಗಳಿಗೆ ವ್ಯಾಯಾಮದಿಂದ ಒಳ್ಳೆಯದೇ ಆಗುತ್ತಿರುತ್ತದೆ. ಬಿಡಬೇಡಿ.

ನಾನು ಸಂಜೆ ಎಂಟರವರೆಗೆ ಜಿಮ್ಮಿನಲ್ಲಿರುತ್ತೇನೆ. ರಾತ್ರಿ ಏನು ಉಣ್ಣಲಿ?

ಸಂಜೆ ಐದಕ್ಕೇ ಹಿಡಿ ಪುಟಾಣಿ, ಒಂದು ಪೇರಲ ಅಥವಾ ಬಾಳೆಹಣ್ಣು ತಿಂದು ಹೋಗಿ. ಆಗ ಒಂಬತ್ತಕ್ಕೆ ಹಸಿದು ಬಿರಿಯಾನಿ ಅಂಗಡಿ ಮುಂದೆ ನಿಲ್ಲುವುದು ತಪ್ಪುತ್ತದೆ. ರಾತ್ರಿ ರೊಟ್ಟಿ, ಪಲ್ಯ, ಬೇಳೆ ಅಥವಾ ಮೊಟ್ಟೆ ಉಂಡು, ಮಲಗಲು ಒಂದೂವರೆ ಗಂಟೆಯಾದರೂ ಬಿಡುವು ಕೊಡಿ. ರಾತ್ರಿ ಉಂಡರೆ ಕೊಬ್ಬಾಗುತ್ತದೆ ಅಂತ ವ್ಯಾಯಾಮ ಮಾಡಿ ಹಸಿದು ಮಲಗಬೇಡಿ.

ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹಸಿವಿಗೆ ಹೊತ್ತು ಗೊತ್ತೇ ಇಲ್ಲ.

ನಿಮ್ಮದು ಕಷ್ಟದ ಬದುಕು, ಇದರಲ್ಲಿ ವ್ಯಾಯಾಮಕ್ಕೆ ಹೊತ್ತು ಮಾಡಿಕೊಂಡಿದ್ದೇ ದೊಡ್ಡದು. ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನ್ ಏರುತ್ತದೆ, ಕರಿದದ್ದು, ಸಿಹಿ ಜಾಸ್ತಿ ಬೇಕು ಅನಿಸುತ್ತದೆ. ನೈಟ್ ಶಿಫ್ಟ್ ಮುಗಿಸಿ ನೇರ ಓಡಲು ಹೋಗಬೇಡಿ. ಹಗುರವಾಗಿ ತಿಂದು, ಮಲಗಿ, ಎದ್ದ ಮೇಲೆ ವ್ಯಾಯಾಮ, ಆಮೇಲೆ ದೊಡ್ಡ ಊಟ. ಶಿಫ್ಟಿಗೆ ಮನೆಯ ಡಬ್ಬಿ ಒಯ್ಯಿರಿ. ನಡುರಾತ್ರಿ ಕ್ಯಾಂಟೀನಿನಲ್ಲಿ ಸಿಗುವುದು ಬಹಳ ಸಲ ಚಹಾ, ಕರಿದದ್ದು ಅಷ್ಟೇ.

ಸಕ್ಕರೆ ಕಾಯಿಲೆ ಇದೆ. ವಾಕಿಂಗ್ ಆದ ಮೇಲೆ ನಡುಕ ಬಂದು ವಿಪರೀತ ಹಸಿವಾಗುತ್ತೆ.

ಇದನ್ನು ಬರೀ ಹಸಿವು ಅಂತ ಬಿಡಬೇಡಿ. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ನುಂಗುವವರಿಗೆ ವ್ಯಾಯಾಮದಿಂದ ಸಕ್ಕರೆ ಹಠಾತ್ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಹೀಗಾಗುವುದು ಅಪರೂಪ.

ನಡುಕ, ತಣ್ಣನೆಯ ಬೆವರು, ಎದೆ ಡವಡವ, ಕಣ್ಣು ಮಂಜು, ಸುಮ್ಮನೆ ಸಿಟ್ಟು ಇವು ಲಕ್ಷಣ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ಯಂತ್ರ ಕೈಯಲ್ಲಿಲ್ಲದೆ ಲಕ್ಷಣ ಕಂಡರೆ, ನಡೆಯುವುದನ್ನು ನಿಲ್ಲಿಸಿ ಕೂತುಕೊಳ್ಳಿ. ಮೂರು ಸಣ್ಣ ಚಮಚ ಸಕ್ಕರೆ ಕದಡಿದ ನೀರು, ಅಥವಾ ಗ್ಲೂಕೋಸ್ ಪುಡಿ, 15 ಗ್ರಾಂನಷ್ಟು ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ರೊಟ್ಟಿಯೋ ಇಡ್ಲಿಯೋ ತಿನ್ನಿ. ಶೇಂಗಾ ಚಿಕ್ಕಿ, ಪೇಡಾ ಈ ಹೊತ್ತಿಗೆ ಸರಿಯಲ್ಲ, ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರಲು ತಡವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಪೊಟ್ಟಣ ಇರಲಿ. ಒಂಟಿಯಾಗಿ ದೂರ ಹೋಗಬೇಡಿ. ಹೊರಡುವ ಮುಂಚೆ ಸಕ್ಕರೆ 90ರ ಆಸುಪಾಸು ಅಥವಾ ಕೆಳಗಿದ್ದರೆ ಏನಾದರೂ ತಿಂದೇ ಹೊರಡಿ. ಜೋರು ವ್ಯಾಯಾಮ ಮಾಡಿದ ದಿನ ರಾತ್ರಿ ಮಲಗಿದಾಗಲೂ ಸಕ್ಕರೆ ಇಳಿಯಬಹುದು. ಪದೇ ಪದೇ ಹೀಗಾದರೆ ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು, ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ಬಿಡಬೇಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು ಸಕ್ಕರೆ ಕಾಯಿಲೆಯವರಿಗೆ ಬಹಳ ಒಳ್ಳೆಯದು.

ಪೊಲೀಸ್ ಭರ್ತಿಗೆ ಎರಡೂ ಹೊತ್ತು ಓಡ್ತೀವಿ. ಎಷ್ಟು ತಿಂದರೂ ಸಾಲಲ್ಲ.

ತಮ್ಮಾ, ನಿನಗೆ ಹಸಿವು ಕಟ್ಟುವ ಮಾತೇ ಬೇಡ. ಚೆನ್ನಾಗಿ ಉಣ್ಣಬೇಕು. 1600 ಮೀಟರ್ ಓಟಕ್ಕೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯೇ ಇಂಧನ. ಬೆಳಿಗ್ಗೆ ಖಾಲಿಯಾದದ್ದು ಸಂಜೆಯೊಳಗೆ ತುಂಬಬೇಕು ಅಂದರೆ ಮೊದಲ ಒಂದು ಗಂಟೆಯೊಳಗೆ ತಿನ್ನು. ಬಾಳೆಹಣ್ಣು, ಬೆಲ್ಲ, ಹಾಲು, ಆಮೇಲೆ ಹೊಟ್ಟೆ ತುಂಬ ರೊಟ್ಟಿ ಅಥವಾ ಅನ್ನ, ಕಾಳು, ಮೊಟ್ಟೆ. ರೂಮು ಮಾಡಿಕೊಂಡು ಇರುವ ಹುಡುಗರು ದುಡ್ಡು ಉಳಿಸಲು ಒಂದು ಹೊತ್ತು ಒಗ್ಗರಣೆ, ಒಂದು ಹೊತ್ತು ಚಹಾ ಬನ್ನಿನಲ್ಲಿ ಕಳೆಯುತ್ತಾರೆ. ಅದನ್ನು ಕೇಳಿದಾಗ ನನಗೆ ಸಂಕಟ ಆಗುತ್ತದೆ. ನಾಲ್ಕು ಜನ ಸೇರಿ ಒಂದು ಕುಕ್ಕರ್ ಇಟ್ಟುಕೊಳ್ಳಿ. ಬೇಳೆ, ಸೋಯಾ, ಅನ್ನ ಒಟ್ಟಿಗೆ ಬೇಯುತ್ತದೆ. ಆ ದುಡ್ಡಿನಲ್ಲೇ ಆಗುತ್ತದೆ.

ನಾನು ಗೃಹಿಣಿ. ಯೋಗ ಮುಗಿಸಿ ಎಲ್ಲರಿಗೂ ಡಬ್ಬಿ ಕಟ್ಟಿ ತಿನ್ನುವಷ್ಟರಲ್ಲಿ ಹತ್ತೂವರೆ ಆಗುತ್ತೆ.

ಅಕ್ಕಾ, ನಿಮ್ಮ ತಟ್ಟೆ ಮೊದಲು. ಎಲ್ಲರದ್ದೂ ಆದ ಮೇಲೆ ಉಳಿದದ್ದು ನನಗೆ ಅನ್ನುವ ರೂಢಿ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ವ್ಯಾಯಾಮ ಮಾಡುವ ಮೈಗೆ ಅದು ಸರಿಹೋಗುವುದಿಲ್ಲ. ಡಬ್ಬಿ ಕಟ್ಟುವ ಮುಂಚೆಯೇ ಒಂದು ಲೋಟ ಹಾಲು, ಒಂದು ಹಣ್ಣು ಅಥವಾ ಶೇಂಗಾ ಉಂಡೆ ತಿಂದುಬಿಡಿ. ತಿಂಡಿಯನ್ನು ಮಕ್ಕಳ ಜೊತೆಗೇ ಕೂತು ತಿನ್ನಿ. ನಿಮ್ಮ ಪಾಲಿನ ಮೊಟ್ಟೆ, ಕಾಳು ಮೊದಲೇ ಎತ್ತಿಟ್ಟುಕೊಳ್ಳಿ.

ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. ಸ್ವಲ್ಪ ನಡೆದರೂ ಏದುಸಿರು, ತಲೆ ಸುತ್ತು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಊಟದ ಹಿಂದೆಮುಂದೆ ಒಂದು ಗಂಟೆ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ. ಕಡಿಮೆ ತಿಂದು ಜಾಸ್ತಿ ವ್ಯಾಯಾಮ ಮಾಡಿ ಮುಟ್ಟು ನಿಂತರೆ ಅಥವಾ ತಪ್ಪಿದರೆ, ಊಟ ಸಾಲುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಓಡುವ ಹುಡುಗಿಯರ ತಾಯಂದಿರು ಇದನ್ನು ಗಮನಿಸಿ, ಡಾಕ್ಟರಿಗೆ ತೋರಿಸಿ.

ಉಪವಾಸದ ದಿನ ವ್ಯಾಯಾಮ ಮಾಡಬಹುದಾ?

ಶ್ರಾವಣ ಸೋಮವಾರವೋ ಏಕಾದಶಿಯೋ ಆದರೆ ಹಗುರ ನಡಿಗೆ ಸಾಕು. ಸಾಬೂದಾನಿ ಖಿಚಡಿ ಹೊಟ್ಟೆ ಬಿರಿಯುವಂತೆ ತಿಂದರೆ ಉಪವಾಸದ ಲೆಕ್ಕ ತಪ್ಪುತ್ತದೆ. ಹಾಲು, ಮೊಸರು, ಹಣ್ಣು ಜಾಸ್ತಿ ಇರಲಿ. ರಂಜಾನಿನಲ್ಲಿ ನೀರೂ ಇರುವುದಿಲ್ಲ, ಹಾಗಾಗಿ ಹಗಲು ಓಟ ಬೇಡ. ಇಫ್ತಾರಿಗೆ ಸ್ವಲ್ಪ ಮುಂಚೆ ಹಗುರ ನಡಿಗೆ, ಅಥವಾ ಇಫ್ತಾರ್ ಆಗಿ ಎರಡು ಗಂಟೆ ಬಿಟ್ಟು ವ್ಯಾಯಾಮ. ಖರ್ಜೂರ, ನೀರು, ಹಣ್ಣಿನಿಂದ ಶುರು ಮಾಡಿ, ಕರಿದದ್ದನ್ನು ಕೊನೆಗೆ ಇಡಿ.

ಜಾತ್ರೆ, ಹಬ್ಬದಲ್ಲಿ ಹೇಗೆ ತಡೆದುಕೊಳ್ಳುವುದು?

ತಡೆದುಕೊಳ್ಳಬೇಡಿ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಿ ದಾಸೋಹದಲ್ಲಿ ಕೂತು ರೊಟ್ಟಿ, ಮಾದಲಿ ಉಣ್ಣದೆ ಬರುವುದು ಯಾವ ಬಾಳು? ಎಳ್ಳ ಅಮಾವಾಸ್ಯೆಯ ಚರಗದ ಊಟವೂ ಹಾಗೇ. ಒಂದು ದಿನದ ಊಟದಿಂದ ಯಾರೂ ದಪ್ಪ ಆಗುವುದಿಲ್ಲ. ಮರುದಿನ ಉಪವಾಸ ಬಿದ್ದು ಸರಿದೂಗಿಸುವುದು ಬೇಡ, ಎಂದಿನ ತಿಂಡಿ, ಎಂದಿನ ನಡಿಗೆ.

ಅಪ್ಪನಿಗೆ 68. ವಾಕಿಂಗ್ ಮಾಡ್ತಾರೆ, ಆದರೆ ಹಸಿವೇ ಇಲ್ಲ ಅಂತ ಅಂಬಲಿ ಕುಡಿದು ಮಲಗ್ತಾರೆ.

ವಯಸ್ಸಾದ ಹಾಗೆ ಹಸಿವು ಕಡಿಮೆಯಾಗುತ್ತದೆ, ಆದರೆ ಪ್ರೋಟೀನಿನ ಅಗತ್ಯ ಇಳಿಯುವುದಿಲ್ಲ. ಅವರಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು, ಇಲ್ಲದಿದ್ದರೆ ಸ್ನಾಯು ಸೊರಗಿ ಬೀಳುವ ಭಯ. ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಕೊಡಿ. ಅಂಬಲಿಯನ್ನೇ ಗಟ್ಟಿ ಮಾಡಿ, ಮಜ್ಜಿಗೆ ಬದಲು ಮೊಸರು ಕಲಸಿ. ಹಲ್ಲು ಇಲ್ಲದಿದ್ದರೆ ಜೋಳದ ನುಚ್ಚಿಗೆ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ರಾತ್ರಿ ಒಂದು ಲೋಟ ಹಾಲು ಕೊಡಿ. ವಾಕಿಂಗ್ ಜೊತೆಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ದಿನಕ್ಕೆ ಹತ್ತು ಸಲ ಮಾಡಿಸಿ, ಕಾಲಿಗೆ ಬಲ ಬರುತ್ತದೆ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟ ಇದ್ದರೆ ವಯಸ್ಸಿನ ಮೇಲೆ ಹಾಕಬೇಡಿ, ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ, ರಾತ್ರಿ ಊಟಕ್ಕೆ ಅವರೊಬ್ಬರನ್ನೇ ಕೂರಿಸಬೇಡಿ. ಮೊಮ್ಮಕ್ಕಳ ಜೊತೆ ಕೂತರೆ ಅರ್ಧ ರೊಟ್ಟಿ ಜಾಸ್ತಿಯೇ ಉಣ್ಣುತ್ತಾರೆ.